ಕುರಿ ಹೊಟ್ಟೆಗೆ ಬಿಟ್ಟ ಬೆಳಕು

ಶಿವರಾತ್ರಿ ಕಳೆದು ಬಿಸಿಲಿಗೆ ಇನ್ನೂ ಹಾಲುಹಲ್ಲು ಮೂಡುತ್ತಿದ್ದ ಕಾಲ. ಹಡಗಲಿಯಿಂದ ಬರುವ ಮೊದಲ ಬಸ್ಸು ತಂಬ್ರಹಳ್ಳಿಯಲ್ಲಿ ಮಲ್ಲಿಗೆ ಬುಟ್ಟಿ ಇಳಿಸಿ, ಒಂದಷ್ಟು ಹೊಗೆಯನ್ನೂ ಬಿಟ್ಟು ಮುಂದಕ್ಕೆ ಹೋದ ಹೊತ್ತು. ಮೈಲಪ್ಪ ಬುಟ್ಟಿ ಹೊತ್ತು ತಂದು ಮನೆಯ ಕಟ್ಟೆ ಮೇಲೆ ಇಳಿಸುವುದಕ್ಕೂ, ಅವನ ಹೆಂಡತಿ ಅಂಜಿನಕ್ಕನ ತಾಳಿಯ ಕೊಂಡಿ ಮುರಿಯುವುದಕ್ಕೂ ಸರಿಹೋಯಿತು. ನೀವು ಬುಟ್ಟಿ ಇಳಿಸಿದ್ದಕ್ಕೇ ಮುರಿಯಿತು ಎಂದು ಅಂಜಿನಕ್ಕ ಹೇಳಲಿಲ್ಲ. ನೋಡಿದ ರೀತಿ ಮಾತ್ರ ಹಾಗೇ ಇತ್ತು.

ಈ ಗಂಡಹೆಂಡಿರದು ಹೂವಿನ ಬದುಕು. ಬುಟ್ಟಿ ಹೊರುವುದು ಅವನ ಕೆಲಸ. ಕಟ್ಟುವುದು, ಮೊಳ ಹಾಕುವುದು, ಮಾರುವುದು, ಮೊಳ ಗಿಡ್ಡ ಎಂದವರ ಸಂಗಡ ಜಗಳಾಡುವುದು ಇವೆಲ್ಲ ಅವಳವು. ಉಳಿದ ಹೊತ್ತಿನಲ್ಲಿ ಮೈಲಪ್ಪ ಬಸ್ ನಿಲ್ದಾಣದ ಚಾದಂಗಡಿಯಲ್ಲಿ ಕೂತು ತಿಳಿದವನಾಗಿರುತ್ತಿದ್ದ. ತಿಳಿದವನಾಗಿರುವುದೂ ಒಂದು ಕಸುಬೇ. ಅದಕ್ಕೆ ಬಂಡವಾಳ ಬೇಡ, ಎದುರಿಗೆ ಚಾ ಕುಡಿಯುವವರಿದ್ದರೆ ಸಾಕು. ಮೋಡ ಬಂದೂ ಮಳೆ ಯಾಕೆ ಬರಲಿಲ್ಲ, ವೈರಿಲ್ಲದ ಮೊಬೈಲಿನಲ್ಲಿ ಮಾತು ಯಾವ ದಾರಿಯಿಂದ ಹೋಗುತ್ತದೆ, ಏನು ಕೇಳಿದರೂ ಹೇಳುವನು. ಮೈಲಪ್ಪನ ಬಾಯಿಂದ ‘ಗೊತ್ತಿಲ್ಲ’ ಅನ್ನುವ ಮಾತನ್ನು ಕೇಳಿದವರು ಆ ಊರಲ್ಲಿ ಇರಲಿಲ್ಲ.

ಅವನಿಗೆ ಇನ್ನೊಂದು ಹೆಮ್ಮೆಯಿತ್ತು. ಅದು ಒಂದು ಟಗರು, ಹೆಸರು ಹುಲಿ. ಅಂಜಿನಕ್ಕನ ಅಣ್ಣ ಬೊಮ್ಮಪ್ಪನ ಕುರಿಮಂದೆಯಲ್ಲಿ ಅದನ್ನು ಬಿಟ್ಟು, ತಾನು ತಿನ್ನಬೇಕಾದ ಹುರುಳಿ, ಮೊಟ್ಟೆಯನ್ನೆಲ್ಲ ಅದಕ್ಕೆ ತಿನ್ನಿಸಿ ಕಾಳಗದ ಟಗರು ಮಾಡಿದ್ದ. ಕಾಳಗಕ್ಕೆ ಇಳಿಸಿದ್ದು ಮಾತ್ರ ಇಲ್ಲ. ಅದಕ್ಕೆ ಸರಿಜೋಡಿ ಈ ಕಡೆಯ ಐದು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದ.

ನಮ್ಮ ಕಡೆ ತಾಳಿ ತೆಗೆದರೆ ಕೊರಳು ಬರಿದಾಗಿ ಇರಬಾರದು. ಅರಿಷಿಣದ ದಾರಕ್ಕೆ ಒಂದು ಅರಿಷಿಣ ಕೊಂಬು ಕಟ್ಟಿ ಹಾಕಿಕೊಳ್ಳಬೇಕು. ಅಂಜಿನಕ್ಕ ಹಾಗೇ ಮಾಡಿದಳು. ತಾಳಿಯನ್ನು ಒಂದು ವೀಳ್ಯದೆಲೆಯಲ್ಲಿಟ್ಟು, ದೇವರ ಜಗಲಿಯಿಂದ ಮೈಲಾರಲಿಂಗನ ಭಂಡಾರ ಒಂದು ಚಿಟಿಕೆ ತಂದು ಉದುರಿಸಿ, ಹೂ ಕಟ್ಟುವ ಬಾಳೆನಾರಿನಿಂದ ಸುತ್ತಿದಳು. ಭಂಡಾರ ಅಂದರೆ ಅರಿಷಿಣದ ಪುಡಿಯೇ. ದೇವರ ಮುಂದೆ ಇಟ್ಟ ಮೇಲೆ ಅದಕ್ಕೆ ಆ ಹೆಸರು, ಆ ಭಯ. ಕೊಟ್ಟೂರಿನ ಪತ್ತಾರನ ಹತ್ತಿರ ಹೋಗಿ, ಎದುರಿಗೆ ಕೂತು, ಕೊಂಡಿ ಹಾಕಿಸಿ, ಇವತ್ತೇ ತರಬೇಕು ಎಂದಳು.

"ದಾರ್ಯಾಗ ಎಲ್ಲೂ ನಿಲ್ಲಬ್ಯಾಡ್ರಿ. ನಿಂತ್ರೂ ಬಾಯಿ ತೆಗೀಬ್ಯಾಡ್ರಿ."

ಮೈಲಪ್ಪ ನಿಂತ. ಬಾಯಿಯನ್ನೂ ತೆಗೆದ.

ನಿಲ್ಲುವುದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ಬರಿದಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರೆ, ಬದಲಿಗೆ ಹೊಲದವರು ಜೋಳ ಅಳೆಯುತ್ತಾರೆ. ಬೊಮ್ಮಪ್ಪನ ಮಂದೆ ಆ ವಾರ ರಸ್ತೆ ಪಕ್ಕದ ಹೊಲದಲ್ಲೇ ಇತ್ತು. ಅಲ್ಲಿ ಬೇವಿನ ನೆರಳಿನಲ್ಲಿ ಹಗ್ಗದ ಹೊರಸು ಹಾಕಿಕೊಂಡು ಬೊಮ್ಮಪ್ಪನ ಮಗಳು ರೇಣುಕಾ ಕುಳಿತಿದ್ದಳು. ಅವಳು ಪಟ್ಟಣದ ಒಂದು ವಿಜ್ಞಾನ ಸಂಸ್ಥೆಯಲ್ಲಿ ಓದುವವಳು, ರಜಕ್ಕೆ ಬಂದಿದ್ದಳು. ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಬೊಮ್ಮಪ್ಪ "ಬೆಳಕು" ಅನ್ನುವನು. ಬೆಳಕಿನಲ್ಲಿ ಓದುವುದು ಏನಿದೆ ಎಂದು ಇನ್ನೊಂದು ಪ್ರಶ್ನೆ ಬಂದರೆ ಎದ್ದು ಕುರಿ ನೋಡಲು ಹೋಗುವನು. ಚಾದಂಗಡಿಯಲ್ಲಿ ಆ ಪ್ರಶ್ನೆ ಬಂದರೆ ತಾನು ಎದ್ದು ಹೋಗುವ ಹಾಗಿಲ್ಲವಲ್ಲ ಎಂಬುದು ಮೈಲಪ್ಪನ ಚಿಂತೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊರಸಿನ ಮೇಲೆ ಕೂತು ಕೇಳಿದ.

ರೇಣುಕಾಗೆ ಆ ಪ್ರಶ್ನೆಯನ್ನು ಮನೆಯವರು ಯಾರೂ ಕೇಳಿರಲಿಲ್ಲ. ಬಹಳ ಖುಷಿಯಿಂದ ಒಂದು ಟಾರ್ಚ್ ತೆಗೆದು, ಮಾಮನ ಎರಡೂ ಕೈ ಹಿಡಿಸಿ, ಅಂಗೈಗೆ ಹಚ್ಚಿ ಬೆಳಕು ಬಿಟ್ಟಳು. ಎರಡೂ ಕೈ ಬೇಕಾದ್ದರಿಂದ ಮೈಲಪ್ಪ ಎಲೆಯ ಪೊಟ್ಟಣವನ್ನು ಹೊರಸಿನ ಅಂಚಿಗೆ ಇಟ್ಟ. ಅಂಗೈಯೆಲ್ಲ ಕೆಂಪಗೆ ಕೆಂಡದಂತಾಯಿತು. ಎಲುಬು ಕಾಣಲಿಲ್ಲ.

"ಕುರಿ ಜಾಲಿ ಕಂಟ್ಯಾಗ ನುಗ್ಗಿದ್ರ ಏನಾಗ್ತಾವ ಮಾಮಾ?"

"ಚದುರತಾವ."

"ಬೆಳಕೂ ಹಂಗ. ಮಾಂಸದಾಗ ಹೊಕ್ಕಿತಂದ್ರ ದಿಕ್ಕಿಗೊಂದು ಚದುರತೈತಿ. ಕಂಟ್ಯಾಗ ಹೋದ ಕುರಿ ನಿಮಗ ಕಾಣೂದಿಲ್ಲ, ಕೊರಳ ಗಂಟಿ ಕೇಳಿಸ್ತೈತಿ. ನಾವು ಮಾಂಸದ ಆ ಕಡಿಗೆ ಹೊಳಿಯೋದೊಂದು ಕಾಳು ಇಡ್ತೀವಿ. ಅದೇ ನಮ್ಮ ಗಂಟಿ."

ಆ ಕಾಳಿನ ಗುಣ ಹೇಳಿದಳು. ಅದರ ಮೇಲೆ ನೀಲಿ ಬೆಳಕು ಬಿದ್ದರೆ ಅದು ಹಸಿರಿನದೋ ಹಳದಿಯದೋ ಬೇರೆ ಬೆಳಕನ್ನು ವಾಪಸು ಕೊಡುತ್ತದೆ. ಹೆಚ್ಚು ಹೊಳೆದರೆ ಬೆಳಕು ಹೆಚ್ಚು ಮುಟ್ಟಿತು ಎಂದರ್ಥ. ಹಾಗಾಗಿ ಇವರು ಬೆಳಕನ್ನು ಚೂರುಚೂರು ಮಾಡಿ, ಒಂದು ಚೂರನ್ನು ತುಸು ಮುಂದೆ, ಇನ್ನೊಂದನ್ನು ತುಸು ಹಿಂದೆ ಸರಿಸಿ ಕಾಳನ್ನು ನೋಡುತ್ತಾರೆ. ಹೊಳಪು ಏರಿದರೆ ಹಾಗೇ ಇಡುತ್ತಾರೆ, ಇಳಿದರೆ ವಾಪಸು ಸರಿಸುತ್ತಾರೆ. ಹೀಗೆ ಮಾಡುತ್ತಾ ಹೋದರೆ, ಯಾವ ಮಾಂಸ ಬೆಳಕನ್ನು ಚದುರಿಸಿತೋ ಅದೇ ಮಾಂಸದ ಒಳಗೆ ಬೆಳಕು ಒಂದೇ ಕಡೆ ಬಂದು ಕೂಡುತ್ತದೆ. ಮುಂದೆ ಒಂದು ಕಾಲಕ್ಕೆ ಮೈ ಕೊಯ್ಯದೆ ಒಳಗಿನದನ್ನು ನೋಡಬಹುದು.

"ಅರಿಷಿಣಕ್ಕೂ ಹೊಳಿಯೋ ಗುಣ ಐತಿ ಮಾಮಾ," ಎಂದು ಇನ್ನೊಂದು ಸಣ್ಣ ನೀಲಿ ಟಾರ್ಚ್ ತೆಗೆದಳು. ಅದನ್ನು ಹೊರಸಿನ ಕೆಳಗೆ ಕತ್ತಲಲ್ಲಿ ಹಿಡಿದು, ಭಂಡಾರ ಮೆತ್ತಿದ್ದ ಮೈಲಪ್ಪನ ಬೆರಳಿನ ಮೇಲೆ ಬಿಟ್ಟಳು. ಬೆರಳ ತುದಿಗಳು ಮಿಂಚುಹುಳದ ಹಾಗೆ ಹಸಿರು ಹಳದಿಯಾಗಿ ಹೊಳೆದವು.

ಬೆಳಕು ಮಾಂಸದೊಳಗೆ ಎಷ್ಟು ಆಳ ಹೋಗುತ್ತದೆ ಎಂದು ಮೈಲಪ್ಪ ಕೇಳಿದ್ದು ನಿಜ. ಸದ್ಯಕ್ಕೆ ಅಕ್ಕಿಕಾಳಿನ ದಪ್ಪದಷ್ಟೇ ಎಂದು ರೇಣುಕಾ ಹೇಳಿದ್ದೂ ನಿಜ. ಆದರೆ ಆ ಹೊತ್ತಿಗೆ ಕುರಿಗಳು ಅರಚಿದವು, ಮೈಲಪ್ಪ ತನ್ನ ಬೆರಳನ್ನೇ ನೋಡುತ್ತಿದ್ದ. ಬೆಳಕು ಮಾಂಸ ಹೊಗುತ್ತದೆ ಅನ್ನುವುದು ಕಿವಿಗೆ ಬಿದ್ದಿತ್ತು, ಅರಿಷಿಣ ಹೊಳೆಯುತ್ತದೆ ಅನ್ನುವುದು ಕಣ್ಣಿಗೆ ಬಿದ್ದಿತ್ತು. ತಿಳಿದವರಿಗೆ ಅಷ್ಟು ಸಾಕು, ಮಿಕ್ಕದ್ದನ್ನು ಅವರೇ ಮಾಡಿಕೊಳ್ಳುತ್ತಾರೆ.

ಎದ್ದು ಪೊಟ್ಟಣಕ್ಕೆ ಕೈ ಹಾಕಿದ. ಪೊಟ್ಟಣ ಇರಲಿಲ್ಲ. ಬಾಳೆನಾರು ಮಾತ್ರ ಹೊರಸಿನ ಕಾಲಿಗೆ ಸಿಕ್ಕಿಕೊಂಡಿತ್ತು. ಮಂದೆಯ ನಡುವೆ ಯಾವುದೋ ಬಾಯಲ್ಲಿ ಒಂದು ಹಸಿರು ತುದಿ ಕಂಡಂತಾಗಿ, ಮರುಗಳಿಗೆ ಎಲ್ಲ ಬೆನ್ನುಗಳೂ ಒಂದೇ ಆದವು. ಹುಲಿಯೂ ಅಲ್ಲೇ ಹೊರಸಿಗೆ ಮೈ ತಿಕ್ಕುತ್ತಾ ಏನೋ ಅಗಿಯುತ್ತಾ ನಿಂತಿತ್ತು. ಆದರೆ ಹುಲಿ ಅಂಥ ಟಗರಲ್ಲ.

ಮೈಲಪ್ಪ ಯಾರಿಗೂ ಏನೂ ಹೇಳಲಿಲ್ಲ. ಬಸ್ಸು ಹತ್ತಿ ಕೊಟ್ಟೂರಿಗೆ ಹೋದ, ಪತ್ತಾರನ ಅಂಗಡಿಯ ಎದುರುಗಡೆ ನಿಂತು ಪತ್ತಾರನನ್ನು ನೋಡಿದ, ವಾಪಸು ಬಸ್ಸು ಹತ್ತಿದ. ಹೋಗಿ ಬಂದೆ ಅನ್ನುವ ಮಾತೊಂದಾದರೂ ನಿಜವಾಗಿರಲಿ ಎಂದು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಂಜಿನಕ್ಕ ಕಟ್ಟೆ ಮೇಲೆ ಕೂತು ಉಳಿದ ಹೂವಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಕೊರಳಲ್ಲಿ ಅರಿಷಿಣ ಕೊಂಬು ತೂಗುತ್ತಿತ್ತು. ಆತೇನ್ರಿ ಎಂದು ತಲೆ ಎತ್ತಿ ಅವನನ್ನೇ ನೋಡಿದಳು.

ಆ ಗಳಿಗೆಯಲ್ಲಿ ಮೈಲಪ್ಪನಿಗೆ ರೇಣುಕಾಳ ವಿದ್ಯೆ ನೆನಪಾಯಿತು. ಹೆಂಡತಿಯ ಮನಸ್ಸು ಮಾಂಸಕ್ಕಿಂತ ದಪ್ಪ, ಒಳಗೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಆದರೆ ಮುಖ ಇದೆಯಲ್ಲ, ಅದೇ ಹೊಳೆಯುವ ಕಾಳು. ಮಾತನ್ನು ಚೂರುಚೂರಾಗಿ ಬಿಟ್ಟು ನೋಡಬೇಕು.

ಪತ್ತಾರ ಊರಲ್ಲಿ ಇರಲಿಲ್ಲ ಎಂದ. ಮುಖ ಅಮಾವಾಸ್ಯೆಯಾಯಿತು. ಕೂಡಲೇ ಆ ಚೂರನ್ನು ಹಿಂದಕ್ಕೆ ಸರಿಸಿ, ಮೊದಲು ಇರಲಿಲ್ಲ, ಆಮೇಲೆ ಬಂದ ಎಂದ. ತುಸು ಬೆಳಗಿತು. ತಾಳಿಯನ್ನು ಅಲ್ಲೇ ಬಿಟ್ಟು ಬಂದೆ ಎಂದ. ಮತ್ತೆ ಕಪ್ಪಾಯಿತು. ಸುಮ್ಮನೆ ಬಿಟ್ಟು ಬರಲಿಲ್ಲ, ಗುಂಡುಗಳೂ ಸವೆದಿವೆಯಂತೆ, ತಾಳಿಯ ಎರಡೂ ಬಾಜು ಹೊಸ ಬಂಗಾರದ ಗುಂಡು ಹಾಕು ಎಂದು ಹೇಳಿ ಬಂದೆ ಎಂದ. ಮುಖ ಹುಣ್ಣಿಮೆಗೆ ಹತ್ತಿರ ಬಂತು. ಈ ದಾರಿ ಸರಿಯಿದೆ ಎಂದು ಅವನು ಅದೇ ದಿಕ್ಕಿಗೆ ಇನ್ನೊಂದು ಚೂರು ಬಿಟ್ಟ.

"ಬೋರಮಾಳ ಸರಾನೂ ಒಂದು ಮಾಡು ಅಂದೀನಿ."

ಹುಣ್ಣಿಮೆಯೇ ಆಯಿತು. ಅಂಜಿನಕ್ಕ ಮರುಮಾತಾಡದೆ ಎದ್ದು, ರೊಟ್ಟಿಗೆ ಬೆಣ್ಣೆ ಹಚ್ಚಿ ತಂದಿಟ್ಟಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಹಬ್ಬವಿಲ್ಲದ ದಿನ ಬೆಣ್ಣೆ ಕಂಡದ್ದು ಅದೇ ಮೊದಲು. ರೇಣುಕಾಳ ಸಂಸ್ಥೆಯವರಿಗೆ ಕೂಡ ಅವರ ವಿದ್ಯೆಯ ಫಲ ಇಷ್ಟು ಬೇಗ ಕೈಗೆ ಸಿಕ್ಕಿರಲಿಕ್ಕಿಲ್ಲ.

ಆದರೆ ಬೆಣ್ಣೆ ಕರಗಿದ ಮೇಲೆ ತಾಳಿ ಬೇಕಲ್ಲ. ಅಂಜಿನಕ್ಕ ಒಂದು ಮಾತು ಸೇರಿಸಿದ್ದಳು. ರೇಣುಕಾ ಪಟ್ಟಣಕ್ಕೆ ಹೋಗುವುದರೊಳಗೆ ತಾಳಿ ತನ್ನ ಕೊರಳಿಗೆ ಬರಬೇಕು, ಬಾರದಿದ್ದರೆ ಕೊಂಬು ಕಟ್ಟಿಕೊಂಡೇ ಅಣ್ಣನ ಮನೆಗೆ ಹೋಗಿ ಕೂರುತ್ತೇನೆ ಎಂದು. ಹೂ ಕಟ್ಟುವವಳು ಹೋದರೆ ಹಡಗಲಿ ಬುಟ್ಟಿ ಹೊತ್ತು ತಂದು ಮೈಲಪ್ಪ ಏನು ಮಾಡಬೇಕು? ಬಿಡಿಹೂವನ್ನು ಚಾದಂಗಡಿಯಲ್ಲಿ ವಿವರಿಸಬೇಕಾಗುತ್ತಿತ್ತು.

ಅವನ ಲೆಕ್ಕ ಸರಳವಾಗಿತ್ತು. ತಾಳಿ ಒಂದು ಕುರಿಯ ಹೊಟ್ಟೆಯಲ್ಲಿದೆ. ತಾಳಿಗೆ ಭಂಡಾರ ಮೆತ್ತಿದೆ. ಭಂಡಾರ ಹೊಳೆಯುತ್ತದೆ, ಬೆಳಕು ಮಾಂಸ ಹೊಗುತ್ತದೆ. ಯಾವ ಹೊಟ್ಟೆ ಹೊಳೆಯಿತೋ ಆ ಕುರಿಯನ್ನು ಭಾವನಿಂದ ಕೊಂಡುಕೊಂಡರಾಯಿತು.

ಮರುದಿನ ಉಣ್ಣೆ ಕತ್ತರಿಸಲೆಂದು ಮಂದೆಯನ್ನು ಬೊಮ್ಮಪ್ಪನ ಮನೆಯಂಗಳಕ್ಕೆ ತಂದಿದ್ದರು. ಮೈಲಪ್ಪ ಹೋಗಿ, ನಿನ್ನ ವಿದ್ಯೆಯನ್ನು ಕಣ್ಣಾರೆ ನೋಡಬೇಕಲ್ಲ ಎಂದು ರೇಣುಕಾಳನ್ನು ಕೇಳಿದ. ಅವಳಿಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಜೋಳ ತುಂಬುವ ಕಿಟಕಿಯಿಲ್ಲದ ಕೋಣೆಗೆ ಒಂದು ಕುರಿ ತರಿಸಿ, ಅದರ ಕಿವಿಯ ಹಿಂದೆ ಅರಿಷಿಣ ಹಚ್ಚಿ, ಮುಂದಿನಿಂದ ನೀಲಿ ಬೆಳಕು ಬಿಟ್ಟಳು. ಕಿವಿಯ ತೊಗಲಿನ ಆಚೆ ಮಂಕಾಗಿ ಹಳದಿ ಹೊಳೆಯಿತು. ಕಿವಿ ತೆಳ್ಳಗಿರುವುದರಿಂದ ಇಷ್ಟಾದರೂ ಕಂಡಿತು ಎಂದಳು. ಹೊಳೆಯುವ ಕಾಳು ಒಂದೇ ಇರಬೇಕು, ಹತ್ತಾರು ಆದರೆ ಬೆಳಕಿಗೆ ಎಲ್ಲಿ ಕೂಡಬೇಕೆಂದು ತಿಳಿಯುವುದಿಲ್ಲ, ತಮ್ಮ ಕೆಲಸ ಅಲ್ಲೇ ಕೆಡುತ್ತದೆ ಎಂದೂ ಹೇಳಿದಳು. ಅಷ್ಟರಲ್ಲಿ ಅವಳಿಗೆ ಫೋನು ಬಂತು. ಟಾರ್ಚನ್ನು ಮಾಮನ ಕೈಗೆ ಕೊಟ್ಟು, ಯಾರ ಕಣ್ಣಿಗೂ ಬಿಡಬೇಡಿರಿ ಎಂದು ಹೇಳಿ, ಸಿಗ್ನಲ್ ಸಿಗುವ ಮಾಳಿಗೆಯ ಮೇಲಕ್ಕೆ ಹೋದಳು. ಅವಳ ಗುರುಗಳ ಫೋನು ಅದು, ಮಧ್ಯಾಹ್ನದವರೆಗೂ ಇಳಿಯಲಿಲ್ಲ.

ಮೈಲಪ್ಪ ಕೆಲಸಕ್ಕೆ ನಿಂತ. ಅಂಗಳದಿಂದ ಒಂದೊಂದೇ ಕುರಿಯನ್ನು ಒಳಗೆ ಎಳೆತಂದು ಹೊಟ್ಟೆಗೆ ಟಾರ್ಚ್ ಒತ್ತಿ ಬೆಳಕು ಬಿಟ್ಟ. ನೋಡಿದ ಕುರಿಯನ್ನೇ ಮತ್ತೆ ನೋಡಬಾರದೆಂದು ಹಣೆಗೆ ಅರಿಷಿಣದ ಬೊಟ್ಟು ಇಟ್ಟು ಹೊರಗೆ ಬಿಟ್ಟ. ಹುಲಿಯನ್ನು ಮಾತ್ರ ಕರೆಯಲಿಲ್ಲ. ಯಾವ ಹೊಟ್ಟೆಯೂ ಹೊಳೆಯಲಿಲ್ಲ. ಹೊರಗಿನಿಂದ ಆಗದಿದ್ದರೆ ಒಳಗಿನಿಂದ ನೋಡೋಣ ಎಂದು ಕುರಿಗಳ ಬಾಯಿ ತೆರೆದು ಗಂಟಲೊಳಗೆ ಬೆಳಕು ಬಿಡಲು ಶುರುಮಾಡಿದ.

ಆಗಲೇ ಎದುರುಮನೆಯ ಗೀತಮ್ಮ ಮಜ್ಜಿಗೆ ಕೇಳಲು ಬಂದದ್ದು. ಮೆಣಸಿನಕಾಯಿ ಬಜಿ ಅಂಗಡಿಯ ಹೆಣ್ಣುಮಗಳು, ಊರಿನ ಸುದ್ದಿಯೆಲ್ಲ ಅವಳ ಬಾಣಲೆಯಲ್ಲಿ ಕರಿದೇ ಹೊರಗೆ ಬರಬೇಕು. ಕೋಣೆಯ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು. ಕತ್ತಲಲ್ಲಿ ಒಂದು ಕುರಿಯ ಬಾಯಿ ಅಗಲವಾಗಿ ತೆರೆದಿತ್ತು. ನಾಲಿಗೆ ನೀಲಿಯಾಗಿತ್ತು. ಹಚ್ಚ ನೀಲಿ.

ಕುರಿ ಸಾಕಿದ ಊರಲ್ಲಿ ಹುಟ್ಟಿದವರಿಗೆ ನೀಲಿ ನಾಲಿಗೆ ರೋಗ ಅಂದರೆ ಏನೆಂದು ಬಿ‌ಡಿಸಿ ಹೇಳಬೇಕಾಗಿಲ್ಲ. ಅದು ಬಂದ ಮಂದೆ ಉಳಿದರೆ ಪುಣ್ಯ. ಗೀತಮ್ಮ ಮಜ್ಜಿಗೆಯನ್ನು ಮರೆತಳು. ಅಂಗಳಕ್ಕೆ ಬಂದು ನೋಡಿದರೆ ಕುರಿಗಳ ಹಣೆಯಲ್ಲಿ ಹಳದಿ ಗುರುತು. ರೋಗ ಹತ್ತಿದವಕ್ಕೆ ಗುರುತು ಹಾಕಿದ್ದಾರೆ, ಪಟ್ಟಣದಿಂದ ಮಗಳು ಬಂದದ್ದೂ ಇದಕ್ಕೇ ಎಂದು ಅವಳಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಹಳದಿ ಬೊಟ್ಟಿನ ಕುರಿಗಳ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟಳು.

ಮಧ್ಯಾಹ್ನಕ್ಕೆ ಸುದ್ದಿ ಹಗರಿಬೊಮ್ಮನಹಳ್ಳಿ ಮುಟ್ಟಿತು. ಸಂಜೆ ಬಸ್ಸಿಗೆ ಹಡಗಲಿಗೆ ಹೋಯಿತು. ಮರುದಿನ ಹರಪನಹಳ್ಳಿಯವರೆಗೆ ಹೋಗಿ, ಅಲ್ಲಿ ಊಟ ಮಾಡಿ ಮೈ ತುಂಬಿಕೊಂಡು ತಿರುಗಿ ಬಂದಾಗ, ರೋಗ ಮನುಷ್ಯರಿಗೂ ಹತ್ತಿ ಇಬ್ಬರ ನಾಲಿಗೆ ನೀಲಿಯಾಗಿತ್ತು. ಅವರಲ್ಲಿ ಒಬ್ಬ ನೇರಳೆಹಣ್ಣು ತಿಂದಿರಬಹುದೇ ಎಂದು ಯಾರೂ ಕೇಳಲಿಲ್ಲ. ಅದು ನೇರಳೆಯ ಕಾಲವೂ ಆಗಿರಲಿಲ್ಲ.

ಚಾದಂಗಡಿಯಲ್ಲಿ ಮೈಲಪ್ಪನನ್ನು ಕೇಳಿದರು. ನೀಲಿ ನಾಲಿಗೆ ಬಂದಿದೆಯಂತಲ್ಲ, ಏನದು? ಯಾರ ಕುರಿ ಎಂದು ಮೊದಲು ವಿಚಾರಿಸಬೇಕಿತ್ತು. ಆದರೆ ಕೇಳಿದ ಕೂಡಲೇ ಹೇಳುವುದು ಅವನ ಕಸುಬು. ಗಾಳಿಯಿಂದ ಬರುವುದು, ಮೊದಲು ನಾಲಿಗೆಗೆ ಬಂದು ಆಮೇಲೆ ಹೊಟ್ಟೆಗೆ ಇಳಿಯುವುದು, ಅಂಥ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಂಡರೆ ಮಣ್ಣಿಗೇ ರೋಗ ಇಳಿಯುವುದು ಎಂದು ಒಂದು ಚಾ ಮುಗಿಯುವವರೆಗೆ ಹೇಳಿದ. ಎಲ್ಲರೂ ತಲೆದೂಗಿದರು. ಅವರಲ್ಲೊಬ್ಬ ಬೊಮ್ಮಪ್ಪನ ಮಂದೆಯನ್ನು ಮುಂದಿನ ವಾರ ನಿಲ್ಲಿಸಿಕೊಳ್ಳಬೇಕಾಗಿದ್ದ ಹೊಲದ ಮಾಲೀಕ ದುರುಗಪ್ಪ. ಅವನು ಚಾ ಲೋಟ ಇಟ್ಟು, "ಛಲೋ ಹೇಳಿದಿ ಮೈಲಪ್ಪ. ನಿಮ್ಮ ಭಾವಗ ಬರಬ್ಯಾಡ ಅಂತ ಹೇಳಿ ಕಳಸ್ತೀನಿ," ಎಂದು ಎದ್ದುಹೋದ.

ಮೈಲಪ್ಪನ ಚಾ ಅಲ್ಲೇ ಆರಿತು.

ಒಬ್ಬ ಬೇಡವೆಂದರೆ ಊರೇ ಬೇಡವೆಂದಂತೆ. ಸಂಜೆಯ ಹೊತ್ತಿಗೆ ಬೊಮ್ಮಪ್ಪನ ಮಂದೆಗೆ ನಿಲ್ಲಲು ಹೊಲವಿಲ್ಲ, ಮೇಯಲು ದಾರಿಯಿಲ್ಲ. ಅಂಗಳದಲ್ಲೇ ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಬೊಮ್ಮಪ್ಪ ಸಿಟ್ಟಿನ ಮನುಷ್ಯನಲ್ಲ. ಅಂಥವನಿಗೂ ಅವತ್ತು ಸಿಟ್ಟು ಬಂತು.

ಮಾರನೆಯ ದಿನ ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರ್ ನಾಗೇಂದ್ರಪ್ಪ ಬೈಕಿನ ಮೇಲೆ ಐಸ್ ಡಬ್ಬಿ ಕಟ್ಟಿಕೊಂಡು ಬಂದ. ಹಿಂದೆ ಅರ್ಧ ಊರು ಬಂತು. ಈ ರೋಗ ಮಳೆಗಾಲದ್ದು, ಬೇಸಿಗೆಯಲ್ಲಿ ಬರುವುದಿಲ್ಲ, ಆದರೆ ಬರುವುದಿಲ್ಲ ಅಂದ ಮೇಲೆ ಬಂದುಬಿಟ್ಟರೆ ಮೇಲಿನವರು ನನ್ನನ್ನೇ ಕೇಳುತ್ತಾರೆ ಎಂದು ಹೇಳಿ, ಅಂಗಳದಲ್ಲಿ ಒಂದು ಕುರಿಯ ಬಾಯಿ ತೆರೆದ. ನಾಲಿಗೆ ಕೆಂಪಗಿತ್ತು. ಇನ್ನೊಂದು, ಮತ್ತೊಂದು, ಎಲ್ಲವೂ ಕೆಂಪು.

"ಇಲ್ಲಿ ನೋಡಿದ್ರ ಹೆಂಗ ಕಾಣತೈತ್ರಿ?" ಎಂದಳು ಗೀತಮ್ಮ. "ಕೋಣ್ಯಾಗ ಹೋಗಿ ನೋಡ್ರಿ."

ನಾಗೇಂದ್ರಪ್ಪ ಕುರಿಯನ್ನು ಕೋಣೆಗೆ ಒಯ್ದ. ಒಳಗೆ ಕತ್ತಲು. ಗೋಡೆಯ ಗೂಡಿನಲ್ಲಿ ಒಂದು ಟಾರ್ಚ್ ಇತ್ತು. ಒತ್ತಿದ. ನಾಲಿಗೆ ನೀಲಿಯಾಯಿತು. ಕುರಿಯನ್ನು ಹೊರಗೆ ತಂದ, ಕೆಂಪು. ಒಳಗೆ ಒಯ್ದ, ನೀಲಿ. ಮೂರನೆಯ ಸಲ ಹೊರಗೆ ಬಂದಾಗ ಬಾಯಿಗೆ ಮಾಸ್ಕ್ ಕಟ್ಟಿಕೊಂಡಿದ್ದ. ಮನೆಯೊಳಗೆ ಮಾತ್ರ ಇರುವ ರೋಗವನ್ನು ತನ್ನ ನೌಕರಿಯಲ್ಲಿ ಕಂಡಿರಲಿಲ್ಲ ಎಂದು ಮಾಸ್ಕಿನೊಳಗಿಂದಲೇ ಹೇಳಿದ. ರೇಣುಕಾ ಮಾಳಿಗೆಯಿಂದ ಇಳಿದು ಬಂದು, ಸಾರ್, ಅದು ಟಾರ್ಚಿನ ಬಣ್ಣ ಎಂದಳು. ಆಗ ನಾಗೇಂದ್ರಪ್ಪ ಟಾರ್ಚನ್ನು ತಿರುಗಿಸಿ ನೋಡಿ, ನನಗೂ ಹಾಗೇ ಅನುಮಾನವಿತ್ತು ಎಂದ.

ಹಾಗಾದರೆ ಈ ಟಾರ್ಚ್ ಹಿಡಿದು ಕುರಿಗಳ ಬಾಯಿ ತೆರೆದವರು ಯಾರು ಎಂಬ ಮಾತು ಬಂತು. ಮೈಲಪ್ಪ ಜನರ ಹಿಂದೆ ನಿಂತಿದ್ದ. ಜನ ಪಕ್ಕಕ್ಕೆ ಸರಿದರು, ಅವನು ಮುಂದೆ ನಿಂತ ಹಾಗಾಯಿತು.

"ಮೈಲಪ್ಪ," ಎಂದ ಬೊಮ್ಮಪ್ಪ ಮೆಲ್ಲಗೆ. "ನನ್ನ ಕುರಿ ಹೊಟ್ಟ್ಯಾಗ ಏನ್ ಹುಡುಕಿದಿ?"

ಮೈಲಪ್ಪ ಮತ್ತೆ ವಿದ್ಯೆಗೆ ಕೈ ಹಾಕಿದ. ಮಗಳ ವಿದ್ಯೆ ಕಲಿಯೋಣ ಅಂತ ಎಂದು ಒಂದು ಚೂರು ಬಿಟ್ಟ. ರೇಣುಕಾಳ ಮುಖ ಬೆಳಗಿತು, ಬೊಮ್ಮಪ್ಪನದು ಕಪ್ಪಿಟ್ಟಿತು. ರೋಗ ಬರುವ ಮೊದಲೇ ನೋಡಿದರೆ ಒಳ್ಳೆಯದು ಅಂತ ಎಂದು ತಿದ್ದಿದ. ಗೀತಮ್ಮನ ಮುಖ ಅರಳಿತು, ಇನ್ಸ್‌ಪೆಕ್ಟರನದು ಬಾಡಿತು. ಏನಿಲ್ಲ, ಸುಮ್ಮನೆ ಎಂದ. ದುರುಗಪ್ಪನ ಮುಖವೂ ಸೇರಿ ಎಲ್ಲವೂ ಒಟ್ಟಿಗೆ ಆರಿದವು. ಅಲ್ಲಿ ಊರಿಗೆ ಊರೇ ಹೊಳೆಯುವ ಕಾಳಾಗಿ ನಿಂತಿತ್ತು, ಒಂದನ್ನು ಬೆಳಗಿಸಿದರೆ ಇನ್ನೊಂದು ಕೆಡುತ್ತಿತ್ತು. ಕಾಳು ಹೆಚ್ಚಾದರೆ ಕೆಲಸ ಕೆಡುತ್ತದೆ ಎಂದು ಹುಡುಗಿ ಹೇಳಿದ್ದಳು. ಆ ಒಂದು ಮಾತು ಅವನಿಗೆ ಪೂರ್ತಿ ಅರ್ಥವಾದದ್ದು ಆಗಲೇ. ಮಾತುಗಳು ಮುಗಿದುಹೋದವು. ಕಡೆಗೆ ಉಳಿದದ್ದು ನಿಜವೊಂದೇ.

"ತಾಳಿ," ಎಂದ. "ಅಂಜಿನೀದು."

ಪೊಟ್ಟಣ ಇಟ್ಟದ್ದು, ಎಲೆ ಹೋದದ್ದು, ಕೊಟ್ಟೂರಿಗೆ ಸುಮ್ಮನೆ ಹೋಗಿ ಬಂದದ್ದು, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದ. ನಾಗೇಂದ್ರಪ್ಪ ಮಾಸ್ಕ್ ತೆಗೆದು ದೊಡ್ಡ ಉಸಿರು ಬಿಟ್ಟ. ಬೊಮ್ಮಪ್ಪನ ಸಿಟ್ಟು ಎಲ್ಲಿ ಹೋಯಿತೋ, ಮುಖ ಹುಡುಗನದಾಯಿತು. ತಂಗಿಯ ತಾಳಿಗಿಂತ ಕುರಿ ದೊಡ್ಡದಲ್ಲ ಎಂದ. ಒಳಗೆ ಹೋಗಿ ಕೊಯ್ಯುವ ಚೂರಿ ತಂದ.

"ಯಾವ ಕುರಿ ಅಂತ ಹೇಳು, ಈಗ ಕೊಯ್ತೀನಿ."

ಮೈಲಪ್ಪ ಮಂದೆಯನ್ನು ನೋಡಿದ. ಎತ್ತ ನೋಡಿದರೂ ತಾನೇ ಇಟ್ಟ ಬೊಟ್ಟು.

"ಗೊತ್ತಿಲ್ಲ ಭಾವ."

ಆ ಮಾತನ್ನು ಅವನ ಬಾಯಿಂದ ಊರು ಕೇಳಿದ್ದು ಅವತ್ತೇ. ಚಾದಂಗಡಿಯವನು ಮುಂದಿನವನ ಹೆಗಲು ಹಿಡಿದುಕೊಂಡ.

ಹೂವಿನ ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡು ಅಂಜಿನಕ್ಕ ಬಾಗಿಲ ಹತ್ತಿರ ಆಗಿನಿಂದಲೂ ನಿಂತಿದ್ದಳು. ಬುಟ್ಟಿ ಇಳಿಸಿ, ಅಣ್ಣನ ದೇವರ ಜಗಲಿಗೆ ಹೋಗಿ, ಭಂಡಾರದ ಬಟ್ಟಲು ತಂದು ಗಂಡನ ಮುಂದೆ ಹಿಡಿದಳು. ಭಂಡಾರ ಮುಟ್ಟಿ ಆಡಿದ ಮಾತಿಗೆ ನಮ್ಮ ಕಡೆ ತಿರುಗುಮಾತಿಲ್ಲ.

"ಮೊನ್ನಿ ನನ್ನ ಮುಖ ನೋಡ್ಕೋತ ಒಂದೊಂದೇ ಹೇಳಿದ್ರಿ," ಎಂದಳು. "ಈಗ ಇದನ್ನ ಮುಟ್ಟಿ ಹೇಳ್ರಿ. ಬೋರಮಾಳ ಬ್ಯಾಡ, ಸುಳ್ಳಿಗೂ ಒಂದು ಅಳತಿ ಇರಬೇಕು. ಹೊಸ ಗುಂಡು ಹಾಕಸ್ತೀರೋ ಇಲ್ಲೋ?"

ತಾಳಿಯೇ ಇಲ್ಲದ ಮೇಲೆ ಗುಂಡನ್ನು ಎಲ್ಲಿಗೆ ಹಾಕಿಸುವುದು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಭಂಡಾರ ಮುಟ್ಟಿದ. ಹಾಕಿಸುತ್ತೇನೆ ಎಂದ.

ಅಂಜಿನಕ್ಕ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ತಾಳಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು.

ತಾಳಿ ಕಳೆದ ದಿನ ಮಧ್ಯಾಹ್ನ, ಮೈಲಪ್ಪ ಕೊಟ್ಟೂರಿನಲ್ಲಿ ಪತ್ತಾರನನ್ನು ನೋಡುತ್ತಾ ನಿಂತಿದ್ದ ಹೊತ್ತಿಗೆ, ಅವಳು ಅಣ್ಣನ ಮಗಳಿಗೆ ಒಂದು ಮೊಳ ಮಲ್ಲಿಗೆ ಕೊಡಲು ಹೊಲಕ್ಕೆ ಹೋಗಿದ್ದಳು. ರೇಣುಕಾ ಅತ್ತೆಗೂ ನೀಲಿ ಟಾರ್ಚ್ ಕೊಟ್ಟು, ಅರಿಷಿಣ ಹೊಳೆಯುವುದನ್ನು ನೋಡಿರಿ ಎಂದು ಹೇಳಿ ನೀರು ತರಲು ಹೋಗಿದ್ದಳು. ಅಂಜಿನಕ್ಕ ಕತ್ತಲೆಂದು ಹೊರಸಿನ ಕೆಳಗೆ ಬಾಗಿ ಬೆಳಕು ಬಿಟ್ಟಳು. ಅಲ್ಲಿ ದೂಳು, ಹಿಕ್ಕೆಯ ನಡುವೆ ಏನೋ ಹಳದಿಯಾಗಿ ಹೊಳೆಯಿತು. ಎತ್ತಿ ಒರೆಸಿದರೆ ತನ್ನದೇ ತಾಳಿ. ತಿಂದದ್ದು ಎಲೆಯನ್ನು ನುಂಗಿ ಬಂಗಾರವನ್ನು ಉಗುಳಿತ್ತು. ಅಷ್ಟು ತಿಳುವಳಿಕೆ ಕುರಿಗೂ ಇರುತ್ತದೆ.

"ಅಲ್ಲ ಅತ್ತಿ, ನನಗರ ಹೇಳಬಾರದಾ?" ಎಂದಳು ರೇಣುಕಾ.

"ಸಂಜಿಗೆ ಏನ್ ಹೇಳ್ತಾರೋ ಕೇಳೂಣಂತ ಸುಮ್ನಿದ್ದೆ," ಎಂದಳು ಅಂಜಿನಕ್ಕ. "ಬಾಳ ಛಲೋ ಹೇಳಿದ್ರು. ನಾ ಮುಖ ಗಂಟ್ ಹಾಕಿದ್ರ ಒಂದು ಹೇಳೋರು, ಸಡ್ಲ ಬಿಟ್ರ ಒಂದು ಹೇಳೋರು. ಹಂಗ ಮಾಡಿ ಮಾಡಿ ಗುಂಡಿನ ತನಕ ತಂದೆ." ಅಣ್ಣನ ಕುರಿಗೆ ಸುದ್ದಿ ಅಂಟದೇ ಇದ್ದಿದ್ದರೆ ಇನ್ನೊಂದು ವಾರ ಸುಮ್ಮನಿರುತ್ತಿದ್ದೆ, ಬೆಣ್ಣೆ ಇನ್ನೂ ಉಳಿದಿತ್ತು ಎಂದಳು.

ಬೊಮ್ಮಪ್ಪ ಚೂರಿಯನ್ನು ಗೂಡಿಗೆ ಇಟ್ಟು ಬಂದ. ದುರುಗಪ್ಪ ಗಂಟಲು ಸರಿಮಾಡಿಕೊಂಡು, ಮಂದೆ ನಾಳೆಯೇ ಬರಲಿ ಎಂದ. ಗೀತಮ್ಮ ಒಬ್ಬಳಿಗೇ ಸಮಾಧಾನವಿಲ್ಲ. ಹಾಗಾದರೆ ಎಲೆ ತಿಂದದ್ದು ಯಾವುದು ಎಂದು ಕೇಳಿದಳು. ಆ ಪ್ರಶ್ನೆ ರೇಣುಕಾಗೂ ಹಿಡಿಸಿತು. ಬೊಟ್ಟಿಲ್ಲದೆ ಉಳಿದದ್ದು ಮಂದೆಯಲ್ಲಿ ಒಂದೇ. ಅದನ್ನು ಕೋಣೆಗೆ ಕರೆದೊಯ್ದು ನೀಲಿ ಬೆಳಕು ಬಿಟ್ಟಳು. ಬಾಗಿಲಲ್ಲಿ ಊರೆಲ್ಲ ಇಣುಕಿ ನೋಡಿತು. ಹುಲಿಯ ಗದ್ದದ ಕೂದಲು, ಮೂಗಿನ ಅಂಚು, ಕೆಳತುಟಿ, ಎಲ್ಲ ಭಂಡಾರ ಮೆತ್ತಿ ದೀಪಾವಳಿಯ ಹಾಗೆ ಹೊಳೆಯುತ್ತಿತ್ತು.

ಜನ ನಕ್ಕರು. ಅಂಜಿನಕ್ಕ ನಗಲಿಲ್ಲ. ಹುಲಿಯನ್ನು ಕೊಂಬಿನಿಂದ ಬಾಲದವರೆಗೆ ಒಮ್ಮೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಹೊಸ ಗುಂಡಿಗೆ ಬಂಗಾರ ಎಲ್ಲಿಂದ ಎಂಬ ಪ್ರಶ್ನೆ ಅವನಿಗೂ ಇತ್ತು, ಉತ್ತರ ಅವಳ ಕಣ್ಣಲ್ಲಿತ್ತು. ಭಂಡಾರ ಇನ್ನೂ ಅವನ ಬೆರಳಲ್ಲೇ ಇತ್ತು.

ರೇಣುಕಾ ಹೋದದ್ದು ಭಾನುವಾರ, ಹಡಗಲಿ ಬಸ್ಸಿಗೆ. ಚೀಲ ಹೊತ್ತು ತಂದ ಮೈಲಪ್ಪ ಅವಳು ಹತ್ತಿದ ಮೇಲೆ ಕಿಟಕಿಯಲ್ಲಿ ಒಂದು ಮಾತು ಕೇಳಿದ.

"ನಿಮ್ಮ ವಿದ್ಯಾದಾಗ ಆ ಬೆಳಕನ್ನ ಆಡಸೋರು ಯಾರವ್ವ? ನೀವೋ, ಆ ಕಾಳೋ?"

ರೇಣುಕಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ನಾವೇ ಅಂತ ತಿಳ್ಕೊಂಡೀವಿ ಮಾಮಾ."

ಹುಲಿ ಹೋದದ್ದು ಮಂಗಳವಾರ. ಚಿಗಟೇರಿಯಿಂದ ಒಬ್ಬರು ಟೆಂಪೋ ತಂದು, ದುಡ್ಡು ಎಣಿಸಿ ಕೊಟ್ಟು, ಹತ್ತಿಸಿಕೊಂಡು ಹೋದರು. ಒಂದೂ ಕಾಳಗ ಸೋಲದ ಟಗರು ಎಂದು ಮೈಲಪ್ಪ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಟೆಂಪೋ ಹೋದ ಮೇಲೆ ಹುರುಳಿಯ ಡಬ್ಬಿ ಹಿಡಿದುಕೊಂಡು ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಬಂಗಾರ ಕುರಿಯ ಹೊಟ್ಟೆಯಿಂದ ಬಂದೇ ಬರುತ್ತದೆ ಎಂದು ಅವನು ಮೊದಲಿನಿಂದ ನಂಬಿದ್ದ. ಬಂತು.

ಗುರುವಾರ ಅಂಜಿನಕ್ಕ ಕೊಟ್ಟೂರಿಗೆ ಹೋದಳು. ಒಬ್ಬಳೇ ಹೋದಳು, ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ.